ಫೋನ್ ಚೆನ್ನಾಗೇ ಇದೆ, ಅಪ್‌ಡೇಟ್ ಮಾತ್ರ ನಿಂತಿದೆ. ಬದಲಾಯಿಸಲೇಬೇಕಾ?

ತಗೊಂಡು ಎರಡೂವರೆ ವರ್ಷ ಆಗಿದೆ, ಬ್ಯಾಟರಿ ಚೆನ್ನಾಗಿದೆ, ಅಂಗಡಿಯವನು ಮೂರು ವರ್ಷ ಅಪ್‌ಡೇಟ್ ಬರುತ್ತೆ ಅಂದಿದ್ದ, ಈಗಲೇ ನಿಂತಿದೆ ಅಂತ ಕೇಳಿದ್ದೀರಿ. ನನಗೂ ಇದೇ ಆಗಿದೆ.

ದಸರಾ ಆಫರ್‌ನಲ್ಲಿ ಅಮ್ಮನಿಗೆ ಒಂದು ಫೋನ್ ಕೊಡಿಸಿದ್ದೆ, ನಾಲ್ಕು ಸಾವಿರ ಕಡಿಮೆಗೆ ಸಿಕ್ಕಿತ್ತು. ಅದಕ್ಕೂ ಮೂರು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಅಂತ ಹೇಳಿದ್ದರು. ಹದಿನಾಲ್ಕು ತಿಂಗಳಿಗೇ ನಿಂತುಹೋಯಿತು. ವಿಚಾರಿಸಿದಾಗ ಗೊತ್ತಾಯಿತು, ಆ ಮೂರು ವರ್ಷದ ಲೆಕ್ಕ ಶುರುವಾಗುವುದು ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಬಿಲ್ ಮಾಡಿಸಿದ ದಿನದಿಂದ ಅಲ್ಲ. ಹೆಚ್ಚುಕಡಿಮೆ ಎರಡು ವರ್ಷ ಹಳೇ ಮಾಡೆಲ್ ಆಗಿದ್ದಕ್ಕೇ ಅಷ್ಟು ಅಗ್ಗವಾಗಿ ಸಿಕ್ಕಿದ್ದು. ಇದನ್ನು ಮಾರುವವರು ಯಾರೂ ಹೇಳುವುದಿಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ.

ಮೊದಲು ಒಂದು ಕೆಲಸ ಮಾಡಿ. ಹಲವು ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್', ಅದರೊಳಗೆ 'ಆಂಡ್ರಾಯ್ಡ್ ವರ್ಷನ್' ಒತ್ತಿದರೆ ಸೆಕ್ಯುರಿಟಿ ಅಪ್‌ಡೇಟ್‌ನ ತಾರೀಕು ಕಾಣುತ್ತದೆ. ಆಂಡ್ರಾಯ್ಡ್ 13 ಆ 14 ಆ ಅನ್ನುವುದಕ್ಕಿಂತ ಈ ತಾರೀಕು ಮುಖ್ಯ. 2015ರಲ್ಲಿ ಆಂಡ್ರಾಯ್ಡ್‌ನಲ್ಲಿ ಸ್ಟೇಜ್‌ಫ್ರೈಟ್ ಅನ್ನೋ ದೋಷ ಸಿಕ್ಕಿತ್ತು, ಬರೀ ಒಂದು ಎಂಎಂಎಸ್ (ಫೋಟೋ, ವಿಡಿಯೋ ಇರುವ ಮೆಸೇಜ್) ಕಳಿಸಿ ಫೋನಿನೊಳಗೆ ನುಗ್ಗಬಹುದಿತ್ತು. ಆಗಿನಿಂದ ಗೂಗಲ್ ಇಂಥ ದೋಷಗಳಿಗೆ ಆಗಾಗ ರಿಪೇರಿ ಕೊಡುತ್ತಿದೆ, ಸೆಕ್ಯುರಿಟಿ ಅಪ್‌ಡೇಟ್ ಅಂದರೆ ಅದೇ. ಆದರೆ ಅದನ್ನು ತನ್ನ ಒಂದೊಂದು ಮಾಡೆಲ್‌ಗೂ ಹೊಂದಿಸಿ, ಪರೀಕ್ಷೆ ಮಾಡಿ ಕಳಿಸಬೇಕಾದದ್ದು ಫೋನ್ ಕಂಪನಿ. ಅದಕ್ಕೆ ಚಿಪ್ ಮಾಡಿದವರ ಸಹಾಯವೂ ಬೇಕು, ಅವರು ಹಳೇ ಚಿಪ್‌ಗೆ ಡ್ರೈವರ್ (ಚಿಪ್ ನಡೆಸುವ ಸಾಫ್ಟ್‌ವೇರ್) ಕೊಡುವುದು ನಿಲ್ಲಿಸಿದರೆ ಫೋನ್ ಕಂಪನಿಗೆ ಕೆಲಸ, ಖರ್ಚು ಎರಡೂ ಜಾಸ್ತಿ. ಅಗ್ಗದ ಫೋನ್‌ಗಳು ಬೇಗ ಅನಾಥವಾಗುವುದು ಹೀಗೆ.

ಇನ್ನು ಬದಲಾಯಿಸಬೇಕಾ ಅನ್ನೋ ಪ್ರಶ್ನೆ. ಅಪ್‌ಡೇಟ್ ನಿಂತ ಮಾರನೇ ದಿನವೇ ಫೋನ್ ಅಪಾಯ ಅಂತೇನಿಲ್ಲ, ಕ್ರೋಮ್, ಬ್ಯಾಂಕ್ ಆ್ಯಪ್‌ಗಳು ಪ್ಲೇ ಸ್ಟೋರ್‌ನಿಂದ ಹೊಸದಾಗುತ್ತಲೇ ಇರುತ್ತವೆ. ಆದರೆ ಅದರ ಕೆಳಗಿರುವ ಸಿಸ್ಟಮ್‌ನಲ್ಲಿ, ಬ್ಲೂಟೂತ್, ಮೋಡೆಮ್‌ನಲ್ಲಿ (ನೆಟ್‌ವರ್ಕ್ ಹಿಡಿಯುವ ಭಾಗ) ಸಿಗುವ ತೂತುಗಳನ್ನು ಆ್ಯಪ್ ಅಪ್‌ಡೇಟ್ ಮುಚ್ಚುವುದಿಲ್ಲ. ವಾಟ್ಸಾಪ್ ಓಡುತ್ತಿದೆ ಅಂದ ಮಾತ್ರಕ್ಕೆ ಫೋನ್ ಭದ್ರ ಅಂದುಕೊಳ್ಳಬೇಡಿ. ತಾರೀಕು ಮೂರ್ನಾಲ್ಕು ತಿಂಗಳು ಹಿಂದಿನದಾದರೆ ನಾನು ಸುಮ್ನಿರುತ್ತೇನೆ, ಒಂದು ವರ್ಷ ದಾಟಿದ್ದರೆ ಯುಪಿಐ, ಬ್ಯಾಂಕ್ ಆ್ಯಪ್ ಅದರಲ್ಲಿ ಇಡುವುದಿಲ್ಲ. ಅಮ್ಮನ ಆ ಫೋನ್ ಈಗ ಅಡುಗೆಮನೆಯಲ್ಲಿ, ಮಸಾಲೆ ಡಬ್ಬಿಗೆ ಒರಗಿಕೊಂಡು ಹಾಡು ಹಾಡುತ್ತದೆ, ಅದರಲ್ಲಿ ಸಿಮ್ ಇಲ್ಲ.

ಹೊಸದು ತಗೊಳ್ಳುವುದಾದರೆ ಪರಿಸ್ಥಿತಿ ಈಗ ಮೊದಲಿಗಿಂತ ಎಷ್ಟೋ ಒಳ್ಳೆಯದು. 2023ರಲ್ಲಿ ತನ್ನ ಪಿಕ್ಸೆಲ್ 8 ಫೋನಿಗೆ ಗೂಗಲ್ 7 ವರ್ಷ ಅಪ್‌ಡೇಟ್ ಅಂತ ಹೇಳಿತು, 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಕೂಡ ಅಷ್ಟೇ ಹೇಳಿತು. ಅಷ್ಟು ದುಡ್ಡು ಬೇಡ ಅಂದರೆ ಗ್ಯಾಲಕ್ಸಿ ಎ16 5ಜಿಗೂ 6 ವರ್ಷ ಇದೆ. ಐಫೋನ್ ಮೊದಲಿನಿಂದಲೂ ಬಾಳಿಕೆ ಬರುತ್ತದೆ, 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಂದಿತ್ತು! ಯುರೋಪಿಯನ್ ಒಕ್ಕೂಟದಲ್ಲಂತೂ 2025ರ ಜೂನ್ 20ರಿಂದ ಹೊಸ ನಿಯಮ, ಒಂದು ಮಾಡೆಲ್ ಅನ್ನು ಮಾರುಕಟ್ಟೆಗೆ ಬಿಡುವುದು ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು. ನಮಗೆ ಬೇಕಾದ ಲೆಕ್ಕ ಇದೇ ಅಲ್ವಾ? ಕೊನೆಗೆ ಕೊಂಡವರಿಗೂ ಮೋಸ ಆಗುವುದಿಲ್ಲ.

ಅಂಗಡಿಯಲ್ಲಿ "ಎಷ್ಟು ವರ್ಷ ಬರುತ್ತೆ" ಅಂತ ಕೇಳುವ ಮುಂಚೆ "ಈ ಮಾಡೆಲ್ ಯಾವಾಗ ಬಂದಿದ್ದು" ಅಂತ ಕೇಳಿ, ಆಮೇಲೆ ಅವರು ಹೇಳುವ ವರ್ಷದಿಂದ ಆಗಲೇ ಆಗಿಹೋದಷ್ಟನ್ನು ಕಳೆಯಿರಿ. ನಿಮ್ಮ ಈಗಿನ ಫೋನಿನ ಮಾಡೆಲ್ ಹೆಸರು, ಆ ಸೆಕ್ಯುರಿಟಿ ತಾರೀಕು ಎರಡನ್ನೂ ಇಲ್ಲೇ ಬರೆಯಿರಿ, ಇನ್ನೆಷ್ಟು ದಿನ ಬಳಸಬಹುದು ಅಂತ ನೋಡಿ ಹೇಳುತ್ತೇನೆ.