ಹನ್ನೊಂದು ಮಾತ್ರೆ, ಭಜನೆ ಬಿಟ್ಟ ಅಮ್ಮ

ಓದುಗರ ಪತ್ರ: "ವಯಸ್ಸಾದವರು ಮಾತ್ರೆ ತಪ್ಪಿಸಬಾರದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಅಮ್ಮನಿಗೆ 76 ವರ್ಷ. ದಿನಕ್ಕೆ ಹನ್ನೊಂದು ಮಾತ್ರೆ, ಒಂದೂ ತಪ್ಪಿಸುವುದಿಲ್ಲ. ಬಿಪಿ, ಶುಗರ್ ಎರಡೂ ಹಿಡಿತದಲ್ಲಿವೆ. ಆದರೆ ಹಗಲೆಲ್ಲ ತೂಕಡಿಸುತ್ತಾರೆ. ಎದ್ದು ನಿಂತರೆ ತಲೆ ಸುತ್ತು, ಈಚೆಗೆ ಕೈ ನಡುಕ. ಶನಿವಾರದ ಭಜನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಸ್ವಲ್ಪ ಕಡಿಮೆ ಮಾಡಿಸೋಣ ಎಂದರೆ ಪುಣೆಯಲ್ಲಿರುವ ಅಣ್ಣ 'ಡಾಕ್ಟರಿಗಿಂತ ನೀನು ಜಾಸ್ತಿ ಓದಿದ್ದೀಯಾ?' ಅಂತ ಬೈಯುತ್ತಾನೆ. ನಾನು ಕೇಳುತ್ತಿರುವುದು ತಪ್ಪಾ? ಮಾತ್ರೆಗಳ ಪಟ್ಟಿ ಜೊತೆಗಿಟ್ಟಿದ್ದೇನೆ." - ಒಬ್ಬ ಮಗಳು, ಹಾವೇರಿ

ಪ್ರಿಯ ಸಹೋದರಿ,

ತಪ್ಪಲ್ಲ, ಕೇಳಲೇಬೇಕಾದ ಪ್ರಶ್ನೆ. ಬಿಪಿ ಸರಿಯಿದೆ, ಶುಗರ್ ಸರಿಯಿದೆ, ಆದರೆ ಅಮ್ಮ ಮಂಕಾಗಿ ಮೂಲೆ ಹಿಡಿದಿದ್ದಾರೆ ಅಂದರೆ ಚಿಕಿತ್ಸೆ ಚೆನ್ನಾಗಿ ನಡೆಯುತ್ತಿದೆ ಅಂತ ನಾನು ಒಪ್ಪುವುದಿಲ್ಲ. ಅವರು ಭಜನೆಗೆ ಹೋಗಿ ಬರುವುದೂ ಆರೋಗ್ಯದ ಲೆಕ್ಕಕ್ಕೆ ಸೇರಬೇಕು, ಅಲ್ವಾ?

ಮಾತ್ರೆ ತಪ್ಪಿಸಬೇಡಿ ಎಂದು ನಾವು ಬರೆದ ಮಾತು ಹಾಗೇ ಇರಲಿ. ನಮ್ಮಷ್ಟಕ್ಕೆ ನಾವೇ ಬಿಡುವುದು ಬೇರೆ, ವೈದ್ಯರ ಮುಂದೆ ಕೂತು ಒಂದೊಂದನ್ನೂ 'ಇದು ಈಗಲೂ ಬೇಕಾ?' ಎಂದು ಕೇಳುವುದು ಬೇರೆ. ನಾನು ವೈದ್ಯನಲ್ಲ. ನಿಮ್ಮ ಅಮ್ಮನಿಗೆ ಏನಾಗಿದೆ ಎಂದು ಹೇಳಬೇಕಾದವರು ಅವರನ್ನು ನೋಡುವ ಡಾಕ್ಟರೇ. ಆದರೆ ನಿಮ್ಮ ಪಟ್ಟಿಯಲ್ಲಿ ಕೇಳಲೇಬೇಕಾದ ಕೆಲವು ಸಂಗತಿಗಳಿವೆ.

ಬಿಪಿಗೆ ಆಮ್ಲೋಡಿಪಿನ್ ಇದೆ. ಒಳ್ಳೆಯ ಮಾತ್ರೆಯೇ. ಆದರೆ ಕೆಲವರಿಗೆ ಇದರಿಂದ ಪಾದ ಊದಿಕೊಳ್ಳುತ್ತದೆ. ಕಾಲು ಊದಿದೆ ಅಂತ ಇನ್ನೊಬ್ಬ ಡಾಕ್ಟರ ಹತ್ತಿರ ಹೋದರೆ ಮೂತ್ರ ಜಾಸ್ತಿ ಹೋಗುವ ಮಾತ್ರೆ ಸೇರಿಕೊಳ್ಳುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಫ್ಯೂರೋಸಮೈಡ್ ಅಂಥದ್ದೇ. ಆಮ್ಲೋಡಿಪಿನ್‌ನಿಂದ ಬರುವ ಬಾವು ಮೈಯಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ, ಸಣ್ಣ ರಕ್ತನಾಳಗಳಿಂದ ದ್ರವ ಹೊರಗೆ ಜಿನುಗಿ ಬಂದದ್ದು. ಹಾಗಾಗಿ ನೀರಿನ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಇಳಿಯುವುದು ಮೈಯಲ್ಲಿನ ಪೊಟ್ಯಾಶಿಯಂ, ಎದ್ದು ನಿಂತಾಗಿನ ಬಿಪಿ. ತಲೆ ಸುತ್ತು ಶುರುವಾಗುತ್ತದೆ. ತಲೆ ಸುತ್ತಿಗೆ ಸಿನ್ನರಿಜಿನ್ ಬರುತ್ತದೆ. ಅದರಿಂದ ತೂಕಡಿಕೆ. ವಯಸ್ಸಾದವರು ತಿಂಗಳುಗಟ್ಟಲೆ ತಗೊಂಡರೆ ಕೈ ನಡುಕ, ಮೈ ಬಿಗಿತ, ನಿಧಾನ ನಡಿಗೆ ಕಾಣಿಸಬಹುದು, ಥೇಟ್ ಪಾರ್ಕಿನ್ಸನ್ ಕಾಯಿಲೆಯ ಹಾಗೆ. ಆಮೇಲೆ ನರರೋಗ ತಜ್ಞರು, ಮತ್ತೊಂದು ಮಾತ್ರೆ.

ಇಲ್ಲಿ ಯಾರನ್ನೂ ಬೈಯುವಂತಿಲ್ಲ. ಒಬ್ಬೊಬ್ಬರೂ ತಮ್ಮ ಮುಂದೆ ಬಂದ ತೊಂದರೆಗೆ ಔಷಧಿ ಕೊಟ್ಟಿದ್ದಾರೆ. ಹೊಸ ತೊಂದರೆ ಹಳೆಯ ಮಾತ್ರೆಯಿಂದಲೇ ಬಂದಿರಬಹುದಾ ಎಂದು ನೋಡುವವರು ಮಾತ್ರ ಯಾರೂ ಇರಲಿಲ್ಲ. 1997ರಲ್ಲೇ ಪೌಲಾ ರೋಶಾನ್, ಜೆರ್ರಿ ಗರ್ವಿಟ್ಜ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥ ಸರಪಳಿಯ ಬಗ್ಗೆ ಬರೆದು ಎಚ್ಚರಿಸಿದ್ದರು.

ಇನ್ನು ನಿದ್ದೆ ಮಾತ್ರೆ, ಆಲ್ಪ್ರಜೋಲಂ. ಅಪ್ಪ ತೀರಿಕೊಂಡಾಗ ಶುರುವಾದದ್ದು, ಇವತ್ತಿಗೂ ನಡೆಯುತ್ತಿದೆ ಎಂದು ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಬೇಸರವಾದದ್ದು ಇದನ್ನು ಓದಿ. ದುಃಖದ ದಿನಗಳಿಗೆ ಅಂತ ಕೊಟ್ಟದ್ದನ್ನು ಸಾಕು ಅನ್ನಲು ಯಾರಿಗೂ ನೆನಪಾಗಲಿಲ್ಲ. ಈ ಗುಂಪಿನ ಮಾತ್ರೆಗಳಿಂದ ವಯಸ್ಸಾದವರು ಬೀಳುವುದು, ಸೊಂಟದ ಮೂಳೆ ಮುರಿಯುವುದು, ಮರೆವು ಹೆಚ್ಚು. ವಯಸ್ಸಾದವರಿಗೆ ಯಾವ ಮಾತ್ರೆ ಕೊಡುವಾಗ ಎಚ್ಚರ ಬೇಕು ಎಂಬ ಪಟ್ಟಿಯನ್ನು 1991ರಲ್ಲಿ ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಶುರು ಮಾಡಿದರು. ಅದರ 2023ರ ಪರಿಷ್ಕರಣೆಯಲ್ಲಿ ಈ ಗುಂಪು ಇದೆ. ನಿಮ್ಮ ಅಮ್ಮ ಶುಗರ್‌ಗೆ ತಗೊಳ್ಳುವ ಗ್ಲಿಮೆಪಿರೈಡ್‌ನ ಗುಂಪೂ ಇದೆ. ಕಾರಣ, ಶುಗರ್ ತೀರಾ ಇಳಿದುಬಿಡುವ ಭಯ. ಊಟ ಅರ್ಧಕ್ಕೆ ಇಳಿದಿದೆ, ಏಕಾದಶಿ ಉಪವಾಸವೂ ಉಂಟು, ಡೋಸ್ ಮಾತ್ರ ಹಳೆಯದೇ ಅಂದರೆ ಇದನ್ನು ಡಾಕ್ಟರಿಗೆ ಹೇಳಲೇಬೇಕು.

ಆಲ್ಪ್ರಜೋಲಂ ಅನ್ನು ಒಮ್ಮೆಲೇ ನಿಲ್ಲಿಸಬೇಡಿ. ನಿದ್ದೆ ಪೂರ್ತಿ ಕೆಡುತ್ತದೆ, ಫಿಟ್ಸ್ ಕೂಡ ಬರಬಹುದು. ಡಾಕ್ಟರು ಹೇಳಿದಂತೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತರುವ ಡೈಕ್ಲೋಫೆನಾಕ್ ಬಗ್ಗೆ ಒಂದೇ ಮಾತು: ಬಿಪಿಯ ಟೆಲ್ಮಿಸಾರ್ಟನ್, ನೀರಿನ ಮಾತ್ರೆ, ಇದು, ಮೂರೂ ಸೇರಿದರೆ ಕಿಡ್ನಿಗೆ ಕಷ್ಟ. ವಯಸ್ಸಿನ ಜೊತೆ ಕಿಡ್ನಿಯ ಶಕ್ತಿ ಹೇಗೂ ಇಳಿದಿರುತ್ತದೆ. ಚೀಟಿ ಇಲ್ಲದೆ ಇದನ್ನು ತರಬೇಡಿ.

ಪಟ್ಟಿಯ ಕೊನೆಯಲ್ಲಿ 'ದಿನಾ ಅತಿಮಧುರದ ಕಷಾಯ' ಎಂದು ಸಣ್ಣದಾಗಿ ಬರೆದಿದ್ದೀರಿ. ಅದನ್ನು ಬಿಡದೆ ಬರೆದದ್ದಕ್ಕೆ ಥ್ಯಾಂಕ್ಸ್. ಡಾಕ್ಟರ ಮುಂದೆ ಇದನ್ನು ಹೇಳುವವರು ಕಡಿಮೆ. ಅತಿಮಧುರವನ್ನು ದಿನವೂ ಜಾಸ್ತಿ ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಬಿಪಿಗೆ ಎರಡೆರಡು ಮಾತ್ರೆ ಯಾಕೆ ಬೇಕಾಯಿತು ಎಂದು ನೋಡುವಾಗ ಇದೂ ಲೆಕ್ಕಕ್ಕೆ ಬರಬೇಕು.

ಅಣ್ಣನ ಮೇಲೆ ಸಿಟ್ಟಾಗಬೇಡಿ. ದೂರ ಇರುವವರಿಗೆ ಭಯ ಜಾಸ್ತಿ. ಆ ಭಯದಲ್ಲಿ ನಿಜವೂ ಇದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮಾತ್ರೆಯನ್ನೋ, ಫಿಟ್ಸ್ ಇರುವವರು ಅದರ ಮಾತ್ರೆಯನ್ನೋ ಸುಮ್ನೆ ಬಿಟ್ಟರೆ ಜೀವಕ್ಕೇ ಅಪಾಯ. ಆದರೆ ಅಣ್ಣ ಅಮ್ಮನನ್ನು ನೋಡುವುದು ವಿಡಿಯೋ ಕಾಲ್‌ನಲ್ಲಿ, ಕೂತಿರುವಾಗ. ಎದ್ದ ತಕ್ಷಣ ಗೋಡೆ ಹಿಡಿಯುವುದನ್ನು ನೋಡುತ್ತಿರುವವರು ನೀವು. ಡಾಕ್ಟರ ಹತ್ತಿರ ಹೋಗುವ ದಿನ ಅಣ್ಣನನ್ನೂ ಫೋನಿನಲ್ಲಿ ಸೇರಿಸಿಕೊಳ್ಳಿ.

ಹೋಗುವಾಗ ಬರೀ ಪಟ್ಟಿ ಸಾಲದು. ಮನೆಯಲ್ಲಿರುವ ಮಾತ್ರೆ, ಚೂರ್ಣ, ಕಣ್ಣಿನ ಹನಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಒಬ್ಬರೇ ಫಿಸಿಶಿಯನ್ ಮುಂದೆ ಸುರಿಯಿರಿ. ಅಂಗಡಿಯವರು ಕತ್ತರಿಸಿ ಕೊಟ್ಟ ಅರ್ಧ ಸ್ಟ್ರಿಪ್‌ನಲ್ಲಿ ಎಷ್ಟೋ ಸಲ ಹೆಸರೂ ಇರುವುದಿಲ್ಲ, ತಾರೀಖೂ ಇರುವುದಿಲ್ಲ. ಇನ್ನು ಮುಂದೆ ಪೂರ್ತಿ ಸ್ಟ್ರಿಪ್ ಕೇಳಿ. ಬ್ರ್ಯಾಂಡ್ ಹೆಸರಿನ ಜೊತೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಬೇರೆ ಬೇರೆ ಬ್ರ್ಯಾಂಡಿನಲ್ಲಿ ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಗುತ್ತಿರಬಹುದು. ಅಮ್ಮನನ್ನು ಮಲಗಿಸಿ ಒಮ್ಮೆ, ಎದ್ದು ನಿಲ್ಲಿಸಿ ಒಮ್ಮೆ ಬಿಪಿ ನೋಡಲು ಹೇಳಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ತಲೆ ಸುತ್ತಿಗೆ ಕಾರಣ ಸಿಕ್ಕಂತೆ. ಸೋಡಿಯಂ, ಪೊಟ್ಯಾಶಿಯಂ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಬೇಕಾ ಎಂದು ಕೇಳಿ. ಏನೇ ಕಡಿಮೆ ಮಾಡಿದರೂ ಒಂದು ಸಲಕ್ಕೆ ಒಂದೇ. ಆಗಲೇ ಯಾವುದರಿಂದ ಏನಾಯಿತು ಅಂತ ತಿಳಿಯುವುದು.

ಮತ್ತೆ, ಅಮ್ಮನನ್ನೇ ಮಾತಾಡಲು ಬಿಡಿ. ಅವರಿಗೆ ಏನು ಮಾಡಲು ಆಗುತ್ತಿಲ್ಲ, ಏನು ಮಾಡಬೇಕು ಅನ್ನಿಸುತ್ತಿದೆ ಎಂದು ಅವರ ಬಾಯಲ್ಲೇ ಡಾಕ್ಟರಿಗೆ ಕೇಳಿಸಲಿ. ಇಷ್ಟು ಕೇಳಲು ಅಲ್ಲಿ ಪುರುಸೊತ್ತು ಸಿಗದಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಹಿರಿಯರ ಹೊರರೋಗಿ ವಿಭಾಗ ಯಾವ ದಿನ ಇರುತ್ತದೆ ಎಂದು ವಿಚಾರಿಸಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಲು ದುಡ್ಡು ಬೇಕಿಲ್ಲ.

- ಸಂಪಾದಕ