ಒಂದು ಎಂದರೆ ಎಷ್ಟು?

ಪ್ರಶ್ನೆ: ನಮ್ಮ ಸೊಸೆ ಲಖನೌ ಕಡೆಯವಳು. ಕನ್ನಡ ಚೆನ್ನಾಗಿಯೇ ಕಲಿಯುತ್ತಿದ್ದಾಳೆ. ಗೌರಿ ಹಬ್ಬದ ದಿನ "ಒಂದು ಹತ್ತು ಜನ ಬರಬಹುದಮ್ಮ" ಅಂದೆ. ಹನ್ನೊಂದು ಎಲೆ ತೊಳೆದಿಟ್ಟಳು. ಬಂದವರು ಹದಿಮೂರು. ಕೇಳಿದರೆ, "ನೀವು ಒಂದೂ ಅಂದ್ರಿ, ಹತ್ತೂ ಅಂದ್ರಿ, ಕೂಡಿಸಿದೆ" ಅನ್ನುತ್ತಾಳೆ. ಏನು ಹೇಳಿಕೊಡಲಿ? (ದಾವಣಗೆರೆಯ ಓದುಗರು)

ಉತ್ತರ: ಮೊದಲು, ಅವಳ ಲೆಕ್ಕ ಸರಿ ಎಂದು ಹೇಳಿ. ಕೈಕೊಟ್ಟದ್ದು ನಮ್ಮ 'ಒಂದು'. ಬೇರೊಂದು ಸಂಖ್ಯೆಯ ಮುಂದೆ ನಿಂತರೆ ಅದು ಎಣಿಸುವ ಕೆಲಸ ಬಿಟ್ಟು ಅಂದಾಜಿಗೆ ಇಳಿಯುತ್ತದೆ. 'ಹತ್ತು ಜನ' ಅಂದರೆ ಹತ್ತೇ ಜನ. 'ಒಂದು ಹತ್ತು ಜನ' ಅಂದರೆ ಎಂಟೂ ಆಗಬಹುದು, ಹದಿಮೂರೂ ಆಗಬಹುದು. "ಒಂದು ಐದು ನಿಮಿಷ, ಬಂದೆ" ಅಂದವರಿಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತರಕಾರಿ ಅಂಗಡಿಗೆ ಅವಳನ್ನೇ ಕಳಿಸಿ ನೋಡಿ. "ಒಂದು, ಎರಡು ಕೆಜಿ ಟೊಮೆಟೊ ಹಾಕಪ್ಪ" ಎಂದು ನಡುವೆ ಉಸಿರು ಬಿಟ್ಟು ಹೇಳಿದರೆ ಅವನು ಎರಡು ಕೆಜಿ ತೂಗುತ್ತಾನೆ. ತಕ್ಕಡಿ ಸ್ವಲ್ಪ ವಾಲಿದರೂ ಹಣ್ಣು ತೆಗೆಯುವುದಿಲ್ಲ. ಅದನ್ನೇ ಕೂಡಿಸಿ "ಒಂದೆರಡು ಕೆಜಿ" ಅಂದಳೋ, ಕೈ ಅಲ್ಲೇ ನಿಲ್ಲಿಸಿ "ಒಂದೋ ಎರಡೋ, ಸರಿಯಾಗಿ ಹೇಳಿ" ಅನ್ನುತ್ತಾನೆ. ಒಂದರ ಬೆನ್ನಿಗೇ ಇನ್ನೊಂದು ಸಂಖ್ಯೆ ಬಂದರೆ ಒಂದನ್ನು 'ಸುಮಾರು' ಎಂದು ತಿಳಿದುಕೊಳ್ಳಲಿ, ಸಾಕು. ಎಲೆ ಮಾತ್ರ ಯಾವಾಗಲೂ ನಾಲ್ಕು ಹೆಚ್ಚಿಗೆ ತೊಳೆದಿಡಲಿ.

ಪ್ರಶ್ನೆ: ಎಂಟನೇ ತರಗತಿಯ ಮಗ ಪ್ರಬಂಧದಲ್ಲಿ "ನನ್ನ ತಂದೆ ಒಬ್ಬ ವೈದ್ಯರು. ನಮ್ಮದು ಒಂದು ಚಿಕ್ಕ ಮನೆ" ಎಂದು ಬರೆದಿದ್ದ. 'ಒಬ್ಬ', 'ಒಂದು' ಎರಡನ್ನೂ ಹೊಡೆದುಹಾಕಿದೆ. ಈಗ ಅವನು ಮುನಿಸಿಕೊಂಡಿದ್ದಾನೆ. (ಶಿವಮೊಗ್ಗದ ಓದುಗರು)

ಉತ್ತರ: ಅರ್ಧ ಸರಿ ಮಾಡಿದ್ದೀರಿ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಮೂವತ್ತೊಂದು ವರ್ಷ ನಾನೂ ಇದೇ 'ಒಬ್ಬ'ನನ್ನು ಹೊಡೆದುಹಾಕಿದವಳು. ಇಂಗ್ಲಿಷಿನ 'ಎ', 'ಆ್ಯನ್' ನೋಡಿ ಕಲಿತ ಚಾಳಿ ಅದು. ಕನ್ನಡದಲ್ಲಿ "ನಮ್ಮಪ್ಪ ಡಾಕ್ಟರು" ಅಂದರೆ ಮಾತು ಮುಗಿಯಿತು. ಒಬ್ಬ ಸೇರಿಸಿದರೆ ಅಪಾಯವೂ ಉಂಟು. ಕಟ್ಟೆಯ ಮೇಲೆ ಕೂತವರು ಯಾರಾದರೂ "ಅವನೊಬ್ಬ ಡಾಕ್ಟರು!" ಅಂದರೆ ಅವರ ಜ್ವರ ಇನ್ನೂ ಇಳಿದಿಲ್ಲ ಎಂದರ್ಥ. ನಿಮ್ಮ ಬಗ್ಗೆ ಹಾಗೆ ಬರೆಯುವುದು ಹುಡುಗನ ಉದ್ದೇಶವಾಗಿರಲಿಲ್ಲ ಎಂದುಕೊಳ್ಳೋಣ. ಎರಡನೆಯ ವಾಕ್ಯದ ಒಂದನ್ನು ಮಾತ್ರ ಅವನಿಗೆ ವಾಪಸ್ ಕೊಡಿ. ಒಂದು ಊರು, ಆ ಊರಲ್ಲಿ ಒಂದು ಮನೆ ಎಂದು ಕಥೆ ಶುರುಮಾಡುವುದು ನಮ್ಮ ಅಜ್ಜಿಯರ ಕಾಲದ್ದೇ.

ಈ ಪದ ನಾಮಪದದ ಹಿಂದೆ ಸರಿದಾಗಲಂತೂ ಇನ್ನೂ ಕಿಲಾಡಿ. "ಚಿರತೆಯೊಂದು ಗ್ರಾಮಕ್ಕೆ ನುಗ್ಗಿ" ಎಂಬುದು ಪತ್ರಿಕೆಯ ಕನ್ನಡ. ಕಣ್ಣಾರೆ ಕಂಡವರು "ಒಂದು ಚಿರತೆ ಬಂತು" ಅನ್ನುತ್ತಾರೆ. "ನಿನ್ನದೊಂದು ಗೋಳು" ಅಂದರೆ ಗೋಳಿನ ಲೆಕ್ಕ ಹಾಕಿದ್ದಲ್ಲ, ತಲೆ ಚಚ್ಚಿಕೊಂಡದ್ದು. ಅಡುಗೆಮನೆಯಲ್ಲಿ ಇನ್ನೊಂದು ತೆರನಾದ ಒಂದು ಇದೆ. ನಮ್ಮ ಅತ್ತೆ ಮದುವೆಯಾದ ಹೊಸತರಲ್ಲಿ ನನ್ನ ಸಾರು ಬಾಯಿಗಿಟ್ಟು "ಉಪ್ಪು ಕಮ್ಮಿ" ಅನ್ನುತ್ತಿದ್ದರು. ಮೂರನೇ ವರ್ಷವೋ ಏನೋ, ಒಂದು ದಿನ "ಉಪ್ಪೊಂದು ಕಮ್ಮಿ" ಅಂದರು. ಹುಳಿ, ಖಾರ, ಒಗ್ಗರಣೆ ಎಲ್ಲ ಪಾಸು! ಅವರ ಬಾಯಿಂದ ನನಗೆ ಸಿಕ್ಕಿದ ಮೊದಲ ಹೊಗಳಿಕೆ ಅದೇ.

ಪ್ರಶ್ನೆ: "ಒಂದು ಹುಡುಗಿ ನೋಡಿದ್ದೇವೆ" ಅನ್ನುತ್ತಾರಲ್ಲ, ಹುಡುಗಿಯೇನು ವಸ್ತುವೇ? (ಮೈಸೂರಿನ ಓದುಗಿ)

ಉತ್ತರ: ಬರೆಯುವಾಗ 'ಒಬ್ಬ ಹುಡುಗಿ' ಎಂದೇ ಬರೆಯಿರಿ. ಮಾತಿನಲ್ಲಿ "ಪಾಪ, ಆ ಹುಡುಗಿ ಬಂತು" ಅನ್ನುವ ಸಲಿಗೆಯೇ ಇಲ್ಲೂ ಇರುವುದು. "ಒಂದು ಒಳ್ಳೆ ಗಂಡು ಇದ್ದರೆ ಹೇಳಿ" ಎಂದು ಕೇಳುವವರೂ ಅವರೇ. ವಸ್ತುವಿನ ಹಾಗೆ ಕಾಣುವವರು 'ಒಬ್ಬಳು' ಅಂದರೂ ಹಾಗೆಯೇ ಕಾಣುತ್ತಾರೆ.

ಪ್ರಶ್ನೆ: 'ಒಪ್ಪತ್ತು' ಪದದಲ್ಲಿ ಹತ್ತು ಇದೆಯೇ? (ಹಾಸನದ ಓದುಗರು)

ಉತ್ತರ: ಇಲ್ಲ, ಹೊತ್ತು ಇದೆ. ಹಳಗನ್ನಡದಲ್ಲಿ ಹೊತ್ತು 'ಪೊತ್ತು'. ಒಂದು ಹೊತ್ತಿನ ಊಟ ಒಪ್ಪೊತ್ತು, ಆಡುತ್ತಾ ಆಡುತ್ತಾ ಒಪ್ಪತ್ತು. ಜೊತೆಗೊಂದು ಪದ ಸಿಕ್ಕಿದರೆ ಒಂದು ಹೀಗೆ ತನ್ನ ಬಾಲ ಕಳಚಿಕೊಳ್ಳುತ್ತದೆ: ಒಕ್ಕೂಟ, ಒಗ್ಗಟ್ಟು, ಒಕ್ಕೊರಲು. ಇನ್ನು ಶನಿವಾರದ ಒಪ್ಪತ್ತಿನ ವಿಷಯ. ನಮ್ಮ ಮನೆಯಲ್ಲಿ ಆ ರಾತ್ರಿ ಅವಲಕ್ಕಿ, ಬಾಳೆಹಣ್ಣು, ಉಪ್ಪಿಟ್ಟು, ಮೇಲೊಂದು ಲೋಟ ಹಾಲು. ಅಲ್ಲಿಯೂ ಒಂದು ಅಂದಾಜಿನದೇ.

ಪ್ರಶ್ನೆ: ನಮ್ಮ ತಾತ ಭತ್ತ ಅಳೆಯುವಾಗ "ಲಾಭ, ಎರಡು, ಮೂರು" ಎಂದು ಎಣಿಸುತ್ತಿದ್ದರು. ಒಂದು ಯಾಕಿಲ್ಲ? (ಅರಸೀಕೆರೆಯ ಓದುಗರು)

ಉತ್ತರ: ರಾಶಿಗೆ ಕೈ ಹಾಕುವಾಗ ಮೊದಲ ಮಾತು ಒಳ್ಳೆಯದಾಗಿರಲಿ ಎಂದು. ಒಂದು ಅಂದರೆ ಒಂಟಿ ನೆನಪಾಗುತ್ತದೆ, ಲಾಭ ಅಂದರೆ ಕಣ ತುಂಬಿದ ಹಾಗಿರುತ್ತದೆ. ತಮಾಷೆ ಏನೆಂದರೆ, ಕಣದಲ್ಲಿ ಬಾಯಿಬಿಟ್ಟು ಹೇಳದ ಅದೇ ಒಂದನ್ನು ಮದುವೆ ಮನೆಗೆ ಹುಡುಕಿಕೊಂಡು ಒಯ್ಯುತ್ತೇವೆ. ಮುಯ್ಯಿಗೆ ನೂರು ರೂಪಾಯಿ ಸಾಲದು, ನೂರಾ ಒಂದು ಆಗಬೇಕು. ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರೇ ಅಂಗಡಿಯಲ್ಲಿ ಸಿಗುತ್ತದೆ.

ತಿಪಟೂರು ಕಡೆಯ ನಮ್ಮೂರಿನ ಕಣದಲ್ಲಿ ಅಜ್ಜ ರಾಗಿ ಅಳೆಯುತ್ತಿದ್ದರು. ನನಗಾಗ ಆರೋ ಏಳೋ ವರ್ಷ. ಕೊಳಗಕ್ಕೊಂದು ಕಲ್ಲು ಎತ್ತಿಡುವುದು ನನ್ನ ಕೆಲಸ. ಅಜ್ಜ ಮೊದಲ ಕೊಳಗ ತುಂಬಿ, ಬಾಯಿ ಸವರಿ, ಚೀಲಕ್ಕೆ ಸುರಿಯುತ್ತಾ "ಲಾಭ... ಲಾಭ... ಲಾಭ" ಎಂದು ರಾಗ ಎಳೆದರು. ಲಾಭ ಯಾವ ಮಗ್ಗಿಯಲ್ಲೂ ಇರಲಿಲ್ಲ, ನಾನು ಕಲ್ಲು ಇಡಲಿಲ್ಲ. ಕೊನೆಗೆ ಅಜ್ಜನ ಬಾಯಲ್ಲಿ ಇಪ್ಪತ್ತೊಂದು, ನನ್ನ ಕಲ್ಲು ಇಪ್ಪತ್ತು. ಪಾಲಿಗೆ ಬಂದವರು ಕಲ್ಲನ್ನೇ ನಂಬಿದರು. ಕತ್ತಲಾಗುತ್ತಿದ್ದರೂ ಚೀಲ ಸುರಿದು ಎಲ್ಲವನ್ನೂ ಮತ್ತೆ ಅಳೆಯಬೇಕಾಯಿತು. ಈ ಸಲ ಅಜ್ಜ "ಲಾಭ" ಅಂದು, ಕೊಳಗ ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ಕಲ್ಲು ಇಟ್ಟ ಮೇಲೇ ಸುರಿದದ್ದು.