ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ನಮ್ಮ ಸೀಮೆಗೆ ಸುಲ್ತಾನರು ಬಂದಿದ್ರಾ?

ಪ್ರಶ್ನೆ: ಮೇಷ್ಟ್ರೇ, ನಾನು ಬಿಎ ಎರಡನೇ ವರ್ಷ. ಮಧ್ಯಯುಗದ ರಾಜ್ಯಗಳಲ್ಲಿ ಇಸ್ಲಾಂ ಹರಡಿದ್ದರಿಂದ ಸಮಾಜ, ಸಂಸ್ಕೃತಿ ಮೇಲೆ ಏನೇನಾಯ್ತು ಅಂತ ಹತ್ತು ಮಾರ್ಕ್ಸಿಗೆ ಕೇಳ್ತಾರೆ. ಗೈಡಲ್ಲಿ ಕುತುಬ್ ಮಿನಾರ್, ತಾಜ್ ಮಹಲ್, ಉರ್ದು ಅಂತ ನಾಲ್ಕು ಪಾಯಿಂಟ್ ಇದೆ ಅಷ್ಟೇ. ನಮ್ಮ ಕಡೆ ಸುಲ್ತಾನರೇ ಇರ್ಲಿಲ್ಲ, ಪಾಳೇಗಾರರಿದ್ರು. ಹಂಗಾದ್ರೆ ಇದೆಲ್ಲ ನಮಗೆ ಸಂಬಂಧಾನೇ ಇಲ್ವಾ?
– ವಿದ್ಯಾರ್ಥಿನಿ, ಜಗಳೂರು

ಉತ್ತರ: ಇದೆ ಕಣಮ್ಮ, ಸುಲ್ತಾನ ಬಂದು ನಿನ್ನೂರಲ್ಲಿ ಕೂರ್ಲಿಲ್ಲ ನಿಜ, ಆದ್ರೆ ಅವನ ಲೆಕ್ಕದ ಪುಸ್ತಕ ಬಂದು ಕೂತಿತ್ತು. 1687ರಲ್ಲಿ ಮೊಘಲರು ಶಿರಾನ ಹಿಡಿದು ಸುಬಾ, ಅಂದ್ರೆ ಒಂದು ಪ್ರಾಂತ್ಯ, ಮಾಡಿದ್ರಲ್ಲ, ಅದಕ್ಕೆ ಏಳು ಪರಗಣ, ನಮ್ಮ ತಾಲೂಕಿನ ಥರದ ಭಾಗಗಳು. ಅದರಲ್ಲಿ ಒಂದು ಬಸವಾಪಟ್ಟಣ, ನಮ್ಮ ಚನ್ನಗಿರಿ ತಾಲೂಕಿಂದು, ಇನ್ನೊಂದು ಬೂದಿಹಾಳು, ಹೊಸದುರ್ಗದ್ದು. ಚಿತ್ರದುರ್ಗದ ನಾಯಕರು ಕಪ್ಪ ಕೊಡೋ ಪಟ್ಟೀಲಿದ್ರು. ಅದಕ್ಕೂ ಮುಂಚೆ ಶಿರಾ ಬಿಜಾಪುರದ ಆದಿಲಶಾಹಿಗಳ ಕೈಲಿತ್ತು. ಪಾಳೇಗಾರರ ಕಾಲ ಅಂತ ನಾವು ಕರೆಯೋದು ಹೆಚ್ಚುಕಮ್ಮಿ ಇದೇ ಕಾಲ.

ಪುರಾವೆ ಬೇಕಾ, ದಾವಣಗೆರೆ ಎಪಿಎಂಸಿಗೆ ಒಂದಿನ ಬೆಳಿಗ್ಗೆ ಹೋಗಿ ನಿಂತ್ಕೊ. ಮೆಕ್ಕೆಜೋಳದ ಚೀಲ ಇಳಿಸೋನು ಹಮಾಲಿ, ಅದು ಅರಬ್ಬಿ ಮಾತು. ರೇಟು ಮಾಡೋನು ದಲ್ಲಾಳಿ, ಅದೂ ಅರಬ್ಬಿ. ಬರೆಯೋ ಗುಮಾಸ್ತ, ಅವನು ಕೊಡೋ ರಸೀದಿ, ಪುಸ್ತಕದಲ್ಲಿ ಖರ್ಚು, ಇವು ಪರ್ಷಿಯನ್, ಪಕ್ಕದಲ್ಲಿರೋ ಜಮಾ, ಬಾಕಿ ಮತ್ತೆ ಅರಬ್ಬಿ. ಜಗಳ ಆದ್ರೆ ವಕೀಲ, ಅರ್ಜಿ, ತಾರೀಖು, ನಕಲು, ಜಮೀನಿನ ದಾಖಲೆ. ಇಷ್ಟೂ ಮಾತು ತೆಗೆದುಬಿಟ್ರೆ ರೈತ ಮಾಲು ಮಾರಿ ಮನೆಗೆ ಹೋಗೋಕೂ ಆಗಲ್ಲ! ಬಹಮನಿ, ಆದಿಲಶಾಹಿ, ಶಿರಾ ಸುಬಾ, ಆಮೇಲೆ ಹೈದರ್ ಟಿಪ್ಪು, ಹೀಗೆ ದಫ್ತರ ದಫ್ತರ ದಾಟ್ಕೊಂಡು ಬಂದ ಮಾತುಗಳಿವು, ಇಂಗ್ಲಿಷರೂ ಬದಲಾಯಿಸೋಕೆ ಹೋಗ್ಲಿಲ್ಲ. ಆದ್ರೆ ಇದು ಒನ್ ವೇ ಅಂದ್ಕೋಬೇಡ. ಬಿಜಾಪುರದ ಒಂದನೇ ಇಬ್ರಾಹಿಂ ಆದಿಲಶಾ (1534–1558) ಕಂದಾಯದ ಲೆಕ್ಕಾನ ಪರ್ಷಿಯನ್ ಬಿಡಿಸಿ ದೇಸಿ ಭಾಷೆಗೆ ತಂದು ಬ್ರಾಹ್ಮಣರ ಕೈಗೆ ಕೊಟ್ಟ ಅಂತ ಇತಿಹಾಸಕಾರ ಫೆರಿಶ್ತಾ ಬರೀತಾನೆ. ಯಾಕೆ ಅಂದ್ರೆ ಊರಿನ ಲೆಕ್ಕ ಬರೆಯೋ ಕುಲಕರ್ಣಿ ಇಲ್ದೆ ಯಾವ ಸುಲ್ತಾನನಿಗೂ ಒಂದು ಹೊನ್ನು ವಸೂಲಾಗ್ತಿರ್ಲಿಲ್ಲ.

ಎರಡನೇದು ಹತ್ತಿ. ದಾವಣಗೆರೆಯೋರಿಗೆ ಹತ್ತಿ ಅಂದ್ರೆ ಮಿಲ್ಲು ನೆನಪಾಗುತ್ತೆ, ನನಗೆ ಪಿಂಜಾರ ಸಾಬರು ನೆನಪಾಗ್ತಾರೆ. ನಾವು ಹುಡುಗರಿದ್ದಾಗ ಆಳುದ್ದದ ಬಿಲ್ಲು ಹೆಗಲಿಗೇರಿಸ್ಕೊಂಡು ಬೀದೀಲಿ ಬರೋರು, ಹಳೇ ಗಾದಿ ಬಿಚ್ಚಿ ಪಡಸಾಲೇಲಿ ಹತ್ತಿ ರಾಶಿ ಹಾಕಿ, ಎರಡೂ ತುದಿ ದಪ್ಪಗಿರೋ ಒಂದು ಮರದ ತುಂಡಿಂದ ಬಿಲ್ಲಿನ ನರಕ್ಕೆ ಹೊಡೀತಿದ್ರೆ ಠೊಂಯ್ ಠೊಂಯ್ ಅಂತ ಸದ್ದು, ಕಲ್ಲಾಗಿದ್ದ ಹತ್ತಿ ಹೊಗೆ ಥರ ಮೇಲೇಳೋದು, ಅವರ ಗಡ್ಡ ಹುಬ್ಬು ಎಲ್ಲ ಬೆಳ್ಳಗೆ. ನದಾಫ ಅಂತಾನೂ ಕರೀತಾರಲ್ಲ, ಆ ಮಾತಿಗೆ ಅರಬ್ಬಿಯಲ್ಲಿ ಹತ್ತಿ ಹಿಂಜೋನು ಅಂತಲೇ ಅರ್ಥ. ನಮ್ಮ ಕಡೆ ಅವರ ಮನೆಮಾತು ಬಹುತೇಕ ಕನ್ನಡ.

ನೂಲೋದಕ್ಕೂ ಹೀಗೇ ಒಂದು ಕತೆ ಇದೆ. ಇಸಾಮಿ ಅಂತ ಒಬ್ಬ ಕವಿ, ಬಹಮನಿ ರಾಜ್ಯ ಹುಟ್ಟಿ (1347) ಮೂರೇ ವರ್ಷಕ್ಕೆ, 1350ರಲ್ಲಿ ಒಂದು ಪರ್ಷಿಯನ್ ಕಾವ್ಯ ಬರೆದು ಅಲ್ಲಿನ ಮೊದಲ ಸುಲ್ತಾನನಿಗೆ ಅರ್ಪಿಸಿದ. ಅದರಲ್ಲಿ ದಿಲ್ಲಿ ಆಳಿದ ರಜಿಯಾ ಸುಲ್ತಾನಳನ್ನ ಬೈತಾ, ಹೆಂಗಸಿಗೆ ಸಿಂಹಾಸನ ಯಾಕೆ, ಚರಖದ ಮುಂದೆ ಕೂರ್ಲಿ ಅಂತಾನೆ. ಬೈಗುಳ ಏನೋ ಕೆಟ್ಟದ್ದೇ, ಆದ್ರೆ ನಮ್ಮ ದೇಶದಲ್ಲಿ ನೂಲೋ ಚಕ್ರ ಇತ್ತು ಅನ್ನೋದಕ್ಕೆ ಸಿಗೋ ಮೊದಮೊದಲ ಖಚಿತ ಸಾಕ್ಷಿಗಳಲ್ಲಿ ಅದೂ ಒಂದು. ಚರಖ ಅನ್ನೋದೂ ಪರ್ಷಿಯನ್ ಮಾತೇ. ಕೈಯಲ್ಲಿ ಕದಿರು ತಿರುಗಿಸಿ ನೂಲೋದಕ್ಕಿಂತ ಚಕ್ರದಲ್ಲಿ ಹಲವು ಪಟ್ಟು ನೂಲು ಬರುತ್ತೆ, ನೂಲು ಜಾಸ್ತಿ ಆದ್ರೆ ಮಗ್ಗ ಜಾಸ್ತಿ, ಬಟ್ಟೆ ಅಗ್ಗ. ಚರಖ ಮೊದಲೇ ಇತ್ತು ಅನ್ನೋ ತಕರಾರೂ ಇದೆ, ಪರೀಕ್ಷೇಲಿ ಅದನ್ನೂ ಒಂದು ಸಾಲು ಬರಿ. (ತಕರಾರು ಅನ್ನೋದೂ ಅರಬ್ಬಿನೇ, ಏನ್ ಮಾಡೋದು!)

ಇನ್ನು ಸೂಫಿಗಳು. ಗೈಡಲ್ಲಿ ಬಂದೇನವಾಜರು 1400ರ ಹೊತ್ತಿಗೆ ಗುಲ್ಬರ್ಗಕ್ಕೆ ಬಂದ್ರು, 1422ರಲ್ಲಿ ತೀರ್ಕೊಂಡ್ರು ಅಂತ ಇರುತ್ತೆ, ಸರಿ. ನನಗೆ ಅದಕ್ಕಿಂತ ಇಷ್ಟ ಚಕ್ಕಿನಾಮಾ. ಬಿಜಾಪುರದ ಕಡೆ ಸೂಫಿಗಳು ದಖನಿಯಲ್ಲಿ, ಅಂದ್ರೆ ನಮ್ಮ ಕಡೆ ಉರ್ದುವಿನಲ್ಲಿ, ಕಟ್ಟಿದ ಬೀಸುವ ಪದಗಳು ಅವು. ಬೀಸೋ ಕಲ್ಲಿನ ಗೂಟ ಇದ್ಯಲ್ಲ, ಅದು ನೆಟ್ಟಗೆ ನಿಂತ ಅಲಿಫ್ ಅಕ್ಷರದ ಥರ, ಅಲಿಫ್ ಅಂದ್ರೆ ಅಲ್ಲಾ, ಅಂತ ಹೇಳ್ತಾ ಹೇಳ್ತಾ ಹೆಂಗಸರು ಜೋಳ ಬೀಸೋದು. ಮಸೀದಿಗೆ ಹೋಗದ, ಪುಸ್ತಕ ಓದದ ಹೆಣ್ಮಕ್ಕಳಿಗೆ ಧರ್ಮ ಮುಟ್ಟಿದ್ದು ಅಡುಗೆಮನೆ ಪಕ್ಕ, ಹಿಟ್ಟಿನ ಜೊತೆ. ನಮ್ಮಜ್ಜಿ ಬೀಸೋವಾಗ ಕಲ್ಲನ್ನೇ ತಾಯಿ ಅಂತ ಕರೆದು ಹಾಡೋರು, ಅದೂ ಇದೂ ಅಕ್ಕಪಕ್ಕದ ಮನೆ ಪದಗಳೇ. ಆ ದಖನೀನೇ ದಾವಣಗೆರೆ ಬೀದೀಲಿ ಇವತ್ತಿಗೂ ಕೇಳುತ್ತೆ, ಅದರಲ್ಲಿರೋ 'ನಕ್ಕೋ' (ಬೇಡ) ಮರಾಠಿಯಿಂದ ತಗೊಂಡಿದ್ದು, ಲಕ್ನೋದೋರು ಕೇಳಿದ್ರೆ ನಗ್ತಾರೆ.

ಪ್ರಶ್ನೆ: ಸಾರ್, ಒಂದು ವಾಟ್ಸಾಪ್ ಗ್ರೂಪಲ್ಲಿ ಎಲ್ಲಾ ಕತ್ತಿಯಿಂದಲೇ ಹರಡಿದ್ದು ಅಂತಾರೆ, ಇನ್ನೊಂದರಲ್ಲಿ ಎಲ್ಲಾ ಪ್ರೀತಿಯಿಂದಲೇ ಅಂತಾರೆ. ಯಾವುದು ನಂಬೋದು?
– ವ್ಯಾಪಾರಿ, ಚಿತ್ರದುರ್ಗ

ಉತ್ತರ: ಎರಡೂ ಗ್ರೂಪನ್ನ ಮ್ಯೂಟ್ ಮಾಡಿ ಒಂದು ಭಾನುವಾರ ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿಗೆ ಹೋಗಿಬನ್ನಿ. ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನೀರಿನ ಮಧ್ಯೆ ವಸಂತ ಮಂಟಪ, ಎದುರಿಗೆ ಮುಸಾಫಿರ್ ಖಾನೆ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಇಲ್ಲಿನ ರಂಗನಾಥನ ಗುಡಿ ಕೆಡವಿ ಈ ಮುಸಾಫಿರ್ ಖಾನೆ ಕಟ್ಟಿಸಿದ ಅಂತಲೇ ಊರೋರು ಹೇಳೋದು. ಅದನ್ನ ಮುಚ್ಚಿಡೋದು ಬೇಡ. ಆದ್ರೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಮಂಟಪ ನೋಡಿ, ಹಿಂದೂ ನಾಯಕನ ಕೊಳದ ಮಧ್ಯೆ ಇರೋ ಮಂಟಪಕ್ಕೂ ಕಮಾನು. ಜಗಳಾನೂ ಇತ್ತು, ಮೆಚ್ಚುಗೆಯೂ ಇತ್ತು, ಒಂದೇ ಕಾಲದಲ್ಲಿ, ಕೆಲವು ಸಲ ಒಬ್ಬನೇ ಮನುಷ್ಯನಲ್ಲಿ.

ಇನ್ನೂ ಹಿಂದಕ್ಕೆ ಹೋಗಿ. ನಮ್ಮ ಮಳಖೇಡದ ರಾಷ್ಟ್ರಕೂಟರ ಮೂರನೇ ಇಂದ್ರನ ಕಾಲದ, 926ರ ಚಿಂಚಣಿ ತಾಮ್ರಪಟ ಒಂದಿದೆ. ಅದರ ಪ್ರಕಾರ ಗುಜರಾತ್ ಕರಾವಳಿಯ ಸಂಜಾನದ ಸೀಮೆ ಆಳ್ತಿದ್ದ ಅಧಿಕಾರಿ ಒಬ್ಬ ತಾಜಿಕ, ಅಂದ್ರೆ ಅರಬ್ ಮೂಲದ ಮುಸ್ಲಿಂ, ಶಾಸನ ಅವನನ್ನ ಮಧುಮತಿ ಅಂತ ಕರೆಯುತ್ತೆ, ಅವನ ಅಧಿಕಾರದಲ್ಲೇ ಭಗವತಿ ಗುಡಿ ಇರೋ ಮಠಕ್ಕೆ ದಾನ ಆಗಿದೆ. ದಿಲ್ಲೀಲಿ ಸುಲ್ತಾನರು ಬರೋಕೆ ಇನ್ನೂ 280 ವರ್ಷ ಇತ್ತು ಸ್ವಾಮಿ. 1340ರ ದಶಕದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಾಗ ಹೆಣ್ಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರ್ಕೊಂಡಿದ್ದಾನೆ. ಕರಾವಳಿಗೆ ಬಂದಿದ್ದು ಕತ್ತಿ ಅಲ್ಲ, ಕುದುರೆ ಮತ್ತು ಮೆಣಸಿನ ವ್ಯಾಪಾರ. ಹಂಪೀಲಿ ಎರಡನೇ ದೇವರಾಯನ ಸೇವಕ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ನೋಡಿದ್ರೆ ನಮ್ಮೂರ ಮಂಟಪಾನೇ ಅನ್ಸುತ್ತೆ, ಕಮಾನೂ ಇಲ್ಲ ಗುಮ್ಮಟಾನೂ ಇಲ್ಲ, ಕನ್ನಡ ಶಾಸನ ಅದನ್ನ ಧರ್ಮಸಾಲೆ ಅನ್ನುತ್ತೆ. ವಿಜಯನಗರದ ರಾಯರು 'ಹಿಂದೂರಾಯ ಸುರತ್ರಾಣ' ಅಂತ ಬಿರುದು ಇಟ್ಕೊಂಡ್ರು, ಸುರತ್ರಾಣ ಅಂದ್ರೆ ಸುಲ್ತಾನ. ದರ್ಬಾರಿಗೆ ಕಬಾಯಿ (ನಿಲುವಂಗಿ), ಕುಲ್ಲಾಯಿ (ಟೋಪಿ) ಹಾಕ್ಕೊಂಡೇ ಬರೋರು, ಆ ಎರಡು ಮಾತೂ ಅರಬ್ಬಿ-ಪರ್ಷಿಯನ್ ಕಡೇವೇ. ಅದೇ ವಿಜಯನಗರ 1565ರಲ್ಲಿ ಸುಲ್ತಾನರ ಕೂಟದ ಕೈಲಿ ಹಾಳಾಯ್ತು ಅನ್ನೋದೂ ಅಷ್ಟೇ ನಿಜ.

ಇನ್ನೊಂದು ಮಾತು, ಎರಡೂ ಗ್ರೂಪೋರಿಗೆ ಇಷ್ಟ ಆಗಲ್ಲ. ಮತಾಂತರ ಆದ ತಕ್ಷಣ ಜಾತಿ ಹೋಗಿಬಿಡ್ತು ಅಂತೇನೂ ಇಲ್ಲ. ಸಾಲಲ್ಲಿ ಭುಜಕ್ಕೆ ಭುಜ ತಾಗಿಸಿ ನಮಾಜು ಮಾಡಿದ್ರೂ ಹೆಣ್ಣು ಕೊಡೋ ಹೊತ್ತಿಗೆ ಸಯ್ಯದರು ಬೇರೆ, ಪಿಂಜಾರರು ಬೇರೆ. ಕಸುಬು ಹಂಗೇ ಉಳೀತು.

ಪ್ರಶ್ನೆ: ನಮ್ಮ ಹಳ್ಳೀಲಿ ಒಂದೂ ಸಾಬರ ಮನೆ ಇಲ್ಲ. ಆದ್ರೂ ವರ್ಷ ವರ್ಷ ಬಾಬಯ್ಯನ ಹಬ್ಬ ಮಾಡ್ತೀವಿ, ಓದಿಸೋಕೆ ಪಕ್ಕದೂರಿಂದ ಮುಲ್ಲಾರನ್ನ ಕರೆಸ್ತೀವಿ. ಹೊಸ ಹುಡುಗ್ರು ಇದೆಲ್ಲ ನಮಗ್ಯಾಕೆ ಅಂತಾರೆ. ಇದು ಹೆಂಗೆ ಬಂತು?
– ರೈತರು, ಹೊನ್ನಾಳಿ ತಾಲೂಕು

ಉತ್ತರ: 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನ್ ಹತರಾದ ಶೋಕದ ದಿನ ಅದು, ಮೊಹರಂ. ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಖಾನ್ 16ನೇ ಶತಮಾನದ ಶುರುವಿನಲ್ಲೇ ಶಿಯಾ ಪಂಥಾನ ರಾಜ್ಯದ ಪಂಥ ಮಾಡಿದ. ಆಮೇಲೆ ಬಂದ ಸುಲ್ತಾನರು ಒಮ್ಮೆ ಸುನ್ನಿ ಒಮ್ಮೆ ಶಿಯಾ ಅಂತ ಹೊರಳಾಡಿದ್ರೂ ಮೊಹರಮ್ಮಿನ ಪಂಜಾ, ಅಂದ್ರೆ ಕೋಲಿನ ತುದೀಲಿರೋ ಲೋಹದ ಹಸ್ತ, ಹಿಡಿಯೋದು ಮಾತ್ರ ಹಳ್ಳಿಗಳಲ್ಲಿ ಬೇರು ಬಿಡ್ತು. ನಮ್ಮೋರಿಗೆ ಅದು ಹೊಸದೇನೂ ಅನ್ನಿಸಿರ್ಲಿಕ್ಕಿಲ್ಲ, ಯುದ್ಧದಲ್ಲಿ ಸತ್ತವನಿಗೆ ವೀರಗಲ್ಲು ನೆಟ್ಟು ಪೂಜೆ ಮಾಡೋ ಸೀಮೆ ಇದು, ಕೆಂಡ ಹಾಯೋದೂ ವೀರಭದ್ರನ ಗುಡೀಲಿ ನೋಡಿದ್ದೇ. ಇದು ನನ್ನ ಊಹೆ, ಆದ್ರೆ ನಿಮ್ಮೂರ ಅಲಾಯಿ ಕುಣಿ ಮುಂದೆ ನಿಂತ್ರೆ ನಿಮಗೂ ಹಂಗೇ ಅನ್ಸುತ್ತೆ. ಅಲಾವ್ ಅಂದ್ರೇನೇ ಬೆಂಕಿ. ಮಕ್ಕಳಾಗಲಿ ಅಂತ ಹರಕೆ, ಲಾಡಿ ಕಟ್ಟೋದು, ಸಕ್ಕರೆ ಓದಿಸೋದು, ಹುಟ್ಟಿದ ಮಗೂಗೆ ಫಕೀರಪ್ಪ, ಹುಸೇನಪ್ಪ ಅಂತ ಹೆಸರು. ಮನೇಲಿ ಲಿಂಗ ಕಟ್ಟಿರೋ ಫಕೀರಪ್ಪಂದಿರು ನಿಮ್ಮ ಕಡೆ ಎಷ್ಟು ಜನ ಇದ್ದಾರೆ ಅಂತ ಹುಡುಗ್ರಿಗೆ ಒಮ್ಮೆ ಎಣಿಸೋಕೆ ಹೇಳಿ.

ಪ್ರಶ್ನೆ: ಬಿರಿಯಾನಿ, ಶರಬತ್ತು, ಮಿರ್ಚಿ ಎಲ್ಲಾ ಅವರ ಕಾಲದಲ್ಲೇ ಬಂದಿದ್ದಂತೆ, ಹೌದಾ?
– ಗೃಹಿಣಿ, ದಾವಣಗೆರೆ

ಉತ್ತರ: ಬಿರಿಯಾನಿ ಪರ್ಷಿಯನ್ ಹೆಸರು, ಶರಬತ್ತು ಅರಬ್ಬಿ, ಅಷ್ಟು ಸರಿ. ಮಿರ್ಚಿ ಮಾತ್ರ ಬಿಡಿ ತಾಯಿ, ಮೆಣಸಿನಕಾಯಿ ತಂದೋರು ಪೋರ್ಚುಗೀಸರು, ಅಮೆರಿಕದಿಂದ. ಅದಕ್ಕೂ ಮುಂಚೆ ಖಾರ ಅಂದ್ರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಜೊತೆಗೆ ತಿನ್ನೋ ಮಂಡಕ್ಕಿ ಅವರೆಲ್ಲರಿಗಿಂತ ಹಳೇದು.